ಬೇಸಿಗೆ ಇಂಟರ್ನ್‌ಶಿಪ್: ಆಶಾ ಅಕ್ಕನ ಹಿಂದೆಯೋ, ರೈತನ ಹಿಂದೆಯೋ?

ಫೆಬ್ರವರಿ ಬಂತು ಅಂದರೆ ನಮ್ಮ ಕಾಲೇಜಿನ ಮಕ್ಕಳು ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಇಂಟರ್ನ್‌ಶಿಪ್‌ಗೆ ಆರೋಗ್ಯದ ಕಡೆ ಹೋಗಲಾ, ಕೃಷಿ ಕಡೆ ಹೋಗಲಾ?" ಸಮಾಜಕಾರ್ಯ ಓದುವವರು, ಬಿ.ಎಸ್ಸಿ.ಯವರು, ನರ್ಸಿಂಗ್‌ನವರು, ಎಲ್ಲರದ್ದೂ ಇದೇ ಗೋಜಲು. ನಾನು ಓದುವಾಗ ಎರಡೂ ಮಾಡಿದ್ದೇನೆ. ಒಂದು ಬೇಸಿಗೆ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಜೊತೆ. ಮುಂದಿನ ಬೇಸಿಗೆ ಮಳವಳ್ಳಿ ಕಡೆ ರೈತರ ಜೊತೆ. ಹಾಗಾಗಿ ಕೇಳಿದವರಿಗೆ ನಾನೇ ತಿರುಗಿ ಕೇಳುತ್ತೇನೆ: "ಅಲ್ಲಿ ದಿನಾ ಬೆಳಿಗ್ಗೆ ಯಾರ ಹಿಂದೆ ನಡೀತೀಯ?"

ಜಾಸ್ತಿ ಜನಕ್ಕೆ ಇದು ಗೊತ್ತಿರುವುದಿಲ್ಲ. ಸಂಸ್ಥೆಯ ಹೆಸರು ಗೊತ್ತಿರುತ್ತದೆ. ಸರ್ಟಿಫಿಕೇಟ್ ಮೇಲೆ ಯಾರ ಸಹಿ ಬೀಳುತ್ತದೆ ಅನ್ನುವುದೂ ಗೊತ್ತಿರುತ್ತದೆ. ಆದರೆ ಬೆಳಿಗ್ಗೆ ಎಂಟಕ್ಕೆ ಯಾರ ಮನೆ ಮುಂದೆ ಹೋಗಿ ನಿಲ್ಲಬೇಕು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ನನ್ನದೂ ಹೀಗೇ ಆಗಿತ್ತು. ಇವೆರಡಕ್ಕೂ ಮುಂಚೆ ಹದಿನೈದು ದಿನ ಇನ್ನೊಂದು ಕಡೆ ಹಾಳು ಮಾಡಿಕೊಂಡೆ. ದೊಡ್ಡ ಹೆಸರಿನ ಜಾಗ. ಮೊದಲ ದಿನ ಟೀ ಕೊಟ್ಟು ಮಾತಾಡಿಸಿದರು. ಎರಡನೇ ದಿನ ಒಂದು ರಟ್ಟಿನ ಡಬ್ಬ ತುಂಬ ಹಳೇ ಸಮೀಕ್ಷೆ ಫಾರಂ ತಂದಿಟ್ಟು, ಇದನ್ನೆಲ್ಲ ಎಕ್ಸೆಲ್‌ಗೆ ಹಾಕಮ್ಮ ಅಂದರು. ಹದಿನೈದು ದಿನವೂ ಅದೇ. ಹಳ್ಳಿ ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ಆರೋಗ್ಯವೋ ಕೃಷಿಯೋ ಅನ್ನುವುದು ಆಮೇಲಿನ ಪ್ರಶ್ನೆ. ಆದರೂ ಎರಡಕ್ಕೂ ವ್ಯತ್ಯಾಸ ಇದೆ, ಸಣ್ಣದೂ ಅಲ್ಲ.

ಮೊದಲು ಕ್ಯಾಲೆಂಡರ್ ನೋಡಿ

ಕೃಷಿ ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಹಸಿರು ಗದ್ದೆ, ಮೊಣಕಾಲುದ್ದ ಕೆಸರು, ನಾಟಿ ಹಾಕುವ ಹೆಂಗಸರು. ಏಪ್ರಿಲ್ ಕೊನೆಗೆ ಮಂಡ್ಯದ ಬಯಲಿಗೆ ಹೋಗಿ ನೋಡಿ. ಕೆ.ಆರ್.ಎಸ್.ನಲ್ಲಿ ನೀರು ಕೆಳಗಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೂ ಸಾಮಾನ್ಯವಾಗಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಿಂತ ಕಬ್ಬು ಉಳಿಸಿಕೊಳ್ಳುವುದಕ್ಕೆ. ಭತ್ತದ ಗದ್ದೆ ಬಿರುಕು ಬಿಟ್ಟು ಬಿದ್ದಿರುತ್ತದೆ. ರಾಗಿ ಬಿತ್ತನೆ ಜೂನ್, ಜುಲೈಗೆ. ನಾಟಿ ಅದಕ್ಕೂ ಆಮೇಲೆ. ಮೇ ಕೊನೆಗೆ ರೋಹಿಣಿ ಮಳೆ, ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಮೃಗಶಿರ. ನಿಮ್ಮ ರಜೆ ಅಷ್ಟು ಹೊತ್ತಿಗೆ ಮುಗಿಯುತ್ತದೆ ಅಂದರೆ ಬೆಳೆ ನೋಡುವ ಆಸೆ ಬಿಟ್ಟುಬಿಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದರೆ ಮೊದಲ ಮಳೆಗೇ ತಂಬಾಕು ಸಸಿ ನೆಡುತ್ತಾರೆ, ಅಲ್ಲಿ ಮೇ ತಿಂಗಳಲ್ಲೂ ಹೊಲದಲ್ಲಿ ಜನ ಸಿಗುತ್ತಾರೆ.

ಹಾಗಂತ ಬೇಸಿಗೆಯಲ್ಲಿ ಕೃಷಿ ಕೆಲಸ ಇಲ್ಲ ಅಂತ ಅಲ್ಲ. ಹೊಲ ಖಾಲಿ ಇರುವಾಗಲೇ ಮಣ್ಣು ಪರೀಕ್ಷೆ ಮಾಡಿಸಬೇಕು. ಬೀಜದ ಯೋಚನೆ, ಗೊಬ್ಬರದ ಲೆಕ್ಕ, ಸಾಲದ ಓಡಾಟ ಎಲ್ಲ ಆಗಲೇ. ರೈತರಿಗೆ ಕೂತು ಮಾತಾಡಲು ಪುರುಸೊತ್ತು ಇರುವುದೂ ಆಗಲೇ. ನಾಟಿ ಸಮಯದಲ್ಲಿ ಹೋಗಿ ಪ್ರಶ್ನೆಪತ್ರಿಕೆ ತೆಗೆದರೆ ಬೈಸಿಕೊಳ್ಳುತ್ತೀರಿ.

ಆರೋಗ್ಯದ ಕೆಲಸಕ್ಕೆ ಈ ತಾಪತ್ರಯ ಕಮ್ಮಿ. ಮಗು ಹುಟ್ಟುವುದಕ್ಕೆ ಮೃಗಶಿರ ಮಳೆ ಬೇಕಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಗುರುವಾರ ಲಸಿಕೆ. ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ತಪಾಸಣೆ. ವರ್ಷವಿಡೀ ಇದು ನಡೆಯುತ್ತಿರುತ್ತದೆ. ಆದರೆ ಬೇಸಿಗೆಗೆ ಇಲ್ಲೂ ಒಂದು ತೊಡಕು. ಜಾತ್ರೆ, ಮದುವೆ ಅಂತ ಅರ್ಧ ಊರು ಊರಲ್ಲಿರುವುದಿಲ್ಲ. ಉದ್ಯೋಗ ಖಾತ್ರಿ ಕೆಲಸ ನಡೆಯುತ್ತಿದ್ದರೆ ಹೆಂಗಸರು ಬೆಳಿಗ್ಗೆಯೇ ಕೆರೆ ಅಂಗಳ ಸೇರಿರುತ್ತಾರೆ. ಹತ್ತು ಗಂಟೆಗೆ ಮನೆ ಭೇಟಿ ಅಂತ ಹೊರಟರೆ ಬೀಗ, ಬೀಗ, ಒಂದು ಅಜ್ಜಿ, ಮತ್ತೆ ಬೀಗ.

ಆಶಾ ಅಕ್ಕನ ಜೊತೆ

ಆರೋಗ್ಯದ ಕಡೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಇದೇ: ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ ಒಂದು ಹಳ್ಳಿ, ಆ ಹಳ್ಳಿಯ ಒಬ್ಬ ಆಶಾ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಬಂದ ವ್ಯವಸ್ಥೆ ಇದು. ಸುಮಾರು ಸಾವಿರ ಜನಕ್ಕೆ ಒಬ್ಬರು. ಅವರು ಅದೇ ಊರಿನವರು, ಸೊಸೆಯಾಗಿ ಬಂದವರೇ ಜಾಸ್ತಿ. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಯಾರ ಗಂಡ ಕುಡಿಯುತ್ತಾನೆ, ಎಲ್ಲವೂ ಅವರ ತಲೆಯಲ್ಲಿ. ರಿಜಿಸ್ಟರ್‌ನಲ್ಲಿ ಇರುವುದು ಅದರ ಕಾಲು ಭಾಗವೂ ಅಲ್ಲ.

ನಾನು ಹೋದ ಮೂರನೇ ದಿನದ ಮಾತು. ಒಬ್ಬ ಗರ್ಭಿಣಿಯ ಮನೆಗೆ ಹೋದೆವು. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ತಯಾರು ಮಾಡಿಕೊಂಡು ಹೋಗಿದ್ದೆ. ಕಬ್ಬಿಣಾಂಶದ ಮಾತ್ರೆ ದಿನಾ ತಗೋತಿದ್ದೀರಾ ಅಂತ ಕೇಳಿದೆ. "ಊಂ" ಅಂದಳು. ನಾನು ಟಿಕ್ ಹಾಕಿದೆ. ಅಕ್ಕ ಸುಮ್ಮನೆ ಕೂತಿದ್ದವರು, ಅಡುಗೆಮನೆ ಕಡೆ ನೋಡುತ್ತಾ ಮೆಲ್ಲಗೆ ಕೇಳಿದರು: "ಹೊರಕ್ಕೆ ಹೋದಾಗ ಕಪ್ಪಗಾಯ್ತದಾ?" ಹುಡುಗಿ ತಲೆ ತಗ್ಗಿಸಿದಳು. ಇಲ್ಲ ಅಂದಳು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಆಗಿಲ್ಲ ಅಂದರೆ ತಿಂದಿಲ್ಲ. ಮಾತ್ರೆಗಳೆಲ್ಲ ಅಕ್ಕಿ ಡಬ್ಬದ ಹಿಂದೆ ಇದ್ದವು. ಮಗು ಕಪ್ಪಗೆ ಹುಟ್ಟುತ್ತೆ ಅಂತ ಅತ್ತೆ ಹೇಳಿದ್ದರಂತೆ. ಅಕ್ಕ ಬೈಯಲಿಲ್ಲ. ಅತ್ತೆಯನ್ನೇ ಕರೆದು ಕೂರಿಸಿಕೊಂಡು, ಮೊದಲು ಅವರ ಮಂಡಿನೋವಿನ ವಿಷಯ ಮಾತಾಡಿದರು. ಆಮೇಲೆ ಮಾತ್ರೆಗೆ ಬಂದರು. ಕಾಫಿ ಕುಡಿದ ತಕ್ಷಣ ನುಂಗಬೇಡ, ಮೈಗೆ ಹತ್ತಲ್ಲ, ಊಟ ಆದ ಮೇಲೆ ಒಂದು ಲೋಟ ನಿಂಬೆ ನೀರಿನ ಜೊತೆ ನುಂಗು ಅಂತ ಹೇಳಿ ಎದ್ದರು. ನಾನು ಹಾಕಿದ್ದ ಟಿಕ್ ಹೊಡೆದು ಹಾಕಿದೆ.

ಬಾಣಂತಿ ಮನೆಗೂ ಅವರ ಜೊತೆ ಹೋಗಲೇಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28, 42ನೇ ದಿನ, ಹೀಗೆ ಆರು ಸಲ ಮನೆಗೆ ಹೋಗಿ ನೋಡುತ್ತಾರೆ. ಜೋಳಿಗೆ ತಕ್ಕಡಿಯಲ್ಲಿ ಮಗುವನ್ನು ತೂಗುವಾಗ ಅಜ್ಜಿಯ ಮುಖ ನೋಡಬೇಕು, ದೃಷ್ಟಿ ಆಗುತ್ತೆ ಅಂತ. ಅಂಗನವಾಡಿಗೆ ಹೋದರೆ ತೋಳಿನ ಸುತ್ತಳತೆಯ ಪಟ್ಟಿ ಹಿಡಿಯಲು ಕಲಿಯುತ್ತೀರಿ. ಕೆಂಪು, ಹಳದಿ, ಹಸಿರು ಬಣ್ಣದ ಟೇಪು ಅದು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಟೇಪನ್ನು ಬಿಗಿದರೆ ಒಂದು ಲೆಕ್ಕ, ಸಡಿಲ ಬಿಟ್ಟರೆ ಇನ್ನೊಂದು. ಕೈಗೆ ಬರಲು ಮೂರು ನಾಲ್ಕು ದಿನ ಬೇಕು.

ಕಷ್ಟ ಏನು? ಆಶಾ ಅಕ್ಕನಿಗೆ ಬರುವುದು ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಸರ್ಕಾರಿ ನೌಕರರ ಸಂಬಳ ಅಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಹೋರಾಡಿದ್ದು ಇದೇ ವಿಷಯಕ್ಕೆ. ಅವರ ಒಂದು ಗಂಟೆ ನೀವು ತಗೊಂಡರೆ ಅದಕ್ಕೆ ಬೆಲೆ ಇದೆ. ಸುಮ್ನೆ ಹಿಂದೆ ಸುತ್ತುವ ಬದಲು ತೂಕದ ಮೆಷಿನ್ ಹಿಡಿಯಿರಿ, ಆ್ಯಪ್‌ನಲ್ಲಿ ಮಾಹಿತಿ ತುಂಬಲು ಸಹಾಯ ಮಾಡಿ. ಇನ್ನೊಂದು ಮಾತು ಹುಡುಗರಿಗೆ: ನಿಮಗೆ ಜಗಲಿಯೇ ಗತಿ. ಗರ್ಭಿಣಿ, ಬಾಣಂತಿಯ ವಿಷಯಕ್ಕೆ ಅಡುಗೆಮನೆ ತನಕ ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಹುಡುಗರಾದರೆ ಬಿ.ಪಿ., ಸಕ್ಕರೆ ತಪಾಸಣೆ ಕೇಳಿಕೊಳ್ಳಿ. 30 ದಾಟಿದ ಎಲ್ಲರನ್ನೂ ನೋಡಬೇಕು ಅನ್ನುವುದು ಸರ್ಕಾರದ ಲೆಕ್ಕ. ಗಂಡಸರು ಮಾತ್ರ ತಪ್ಪಿಸಿಕೊಂಡು ಓಡುತ್ತಾರೆ. ಅವರನ್ನು ಟೀ ಅಂಗಡಿಯಲ್ಲಿ ಹಿಡಿದು ಕೂರಿಸುವುದಕ್ಕೆ ಹುಡುಗರೇ ಸರಿ.

ಕೋಟೆ, ಸರಗೂರು ಕಡೆ

ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ಹೆಗ್ಗಡದೇವನಕೋಟೆ, ಸರಗೂರು ಸುತ್ತ ಇವೆ. ಹಳೆಯದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಗೆಳೆಯರ ಜೊತೆ ಕಟ್ಟಿದ್ದು. ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ನಡೆಸುತ್ತಾರೆ. ಇಂಥ ಕಡೆ ಒಂದು ಅನುಕೂಲ: ಇಂಟರ್ನ್‌ಗಳನ್ನು ನೋಡಿ ಅಭ್ಯಾಸ ಇರುವ ಜನ. ಏನು ಕೊಡಬೇಕು, ಏನು ಕೊಡಬಾರದು ಗೊತ್ತಿರುತ್ತದೆ.

ಆದರೆ ಒಂದು ತಿಂಗಳಿಗೆ ಹಾಡಿ ನೋಡಿ ಬರುತ್ತೇನೆ ಅನ್ನುವವರನ್ನು ನಾನು ತಡೆಯುತ್ತೇನೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಕಬಿನಿ ಅಣೆಕಟ್ಟೆಗೆ, ನಾಗರಹೊಳೆ ಉದ್ಯಾನಕ್ಕೆ ನೆಲೆ ಕಳೆದುಕೊಂಡ ಜನ. ಪ್ರತಿ ವರ್ಷ ಯಾರೋ ಬಂದು ಅದೇ ಪ್ರಶ್ನೆ ಕೇಳಿ, ಫೋಟೋ ತೆಗೆದು ಹೋಗುತ್ತಾರೆ. ಮನೆಯಲ್ಲಿ ಅವರಾಡುವ ಮಾತು ನಮ್ಮ ಕನ್ನಡ ಅಲ್ಲ, ಕಿವಿಗೆ ಬೀಳುವಷ್ಟರಲ್ಲಿ ನಿಮ್ಮ ತಿಂಗಳು ಮುಗಿದಿರುತ್ತದೆ. ಎರಡು ತಿಂಗಳು ಇದ್ದರೆ, ಅದರಲ್ಲೂ ಕುಡಗೋಲು ಕಣ ರಕ್ತಹೀನತೆಯಂಥ (ಸಿಕಲ್ ಸೆಲ್, ವಂಶದಿಂದ ಬರುವ ರಕ್ತದ ಕಾಯಿಲೆ) ಒಂದೇ ವಿಷಯ ಹಿಡಿದು ಕೆಲಸ ಮಾಡುವುದಾದರೆ ಹೋಗಿ. ಇದರ ತಪಾಸಣೆಗೆ ಅಂತಲೇ 2023ರಲ್ಲಿ ಕೇಂದ್ರದ ಅಭಿಯಾನ ಶುರುವಾಗಿದೆ, ಗಿರಿಜನರೇ ಅದರ ಮುಖ್ಯ ಗುರಿ. ಕಾಡಿನೊಳಗಿನ ಹಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಂಸ್ಥೆಯ ಜೀಪ್‌ನಲ್ಲಿ ಹೋಗುವಾಗಲೂ ಅದನ್ನು ಕೇಳಿಕೊಳ್ಳಿ.

ಕೃಷಿ ವಿಜ್ಞಾನ ಕೇಂದ್ರ, ವಿ.ಸಿ. ಫಾರಂ

ಇನ್ನು ಕೃಷಿ. ಮೈಸೂರು ಜಿಲ್ಲೆಯಲ್ಲಿ ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದಲ್ಲಿ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರ. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ 'ರಾಗಿ ಲಕ್ಷ್ಮಣಯ್ಯ' ದುಡಿದದ್ದು ವಿ.ಸಿ. ಫಾರಂನಲ್ಲೇ. ನಾವು ತಿಂದು ಬೆಳೆದ ಮುದ್ದೆಯಲ್ಲಿ ಆ ಜಾಗದ ಪಾಲು ದೊಡ್ಡದು.

ಇಲ್ಲಿ ಕಲಿಯುವುದು ಅಚ್ಚುಕಟ್ಟು. ತರಬೇತಿ ಹೇಗೆ ನಡೆಸುತ್ತಾರೆ, ಹೊಸ ತಳಿಯನ್ನು ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಹಾಕಿ ಹೇಗೆ ತೋರಿಸುತ್ತಾರೆ, ವಿಜ್ಞಾನಿ ಹೇಳಿದ್ದು ರೈತನ ಕಿವಿಗೆ ಬೀಳುವಷ್ಟರಲ್ಲಿ ಏನಾಗುತ್ತದೆ, ಎಲ್ಲ ಕಾಣುತ್ತದೆ. ಬರೆಯುವ ವರದಿಗೂ ಅಂಕಿ ಅಂಶ ಸುಲಭವಾಗಿ ಸಿಗುತ್ತದೆ. ಕೊರತೆ ಅಂದರೆ, ದಿನದ ಬಹುಭಾಗ ಆವರಣದೊಳಗೇ ಕಳೆದುಹೋಗಬಹುದು. ತರಬೇತಿಗೆ ಬರುವ ರೈತರೂ ಬಹುಪಾಲು ಬಿಳಿ ಅಂಗಿಯವರು, ಮೊಬೈಲ್‌ನಲ್ಲಿ ವಿಜ್ಞಾನಿಯ ನಂಬರ್ ಇರುವವರು. ಅರ್ಧ ಎಕರೆಯ ರೈತ ಕೂಲಿಗೆ ಹೋಗಿರುತ್ತಾನೆ, ತರಬೇತಿಗೆ ಎಲ್ಲಿ ಬರುತ್ತಾನೆ? ಕೃಷಿ ಪದವಿಯ ಮಕ್ಕಳಿಗೆ ಕಡೇ ವರ್ಷದಲ್ಲಿ ಹಳ್ಳಿವಾಸ ಹೇಗೂ ಇರುತ್ತದೆ, ಅವರಿಗೆ ಇದು ಪರಿಚಿತ ಜಾಗ. ಬೇರೆ ಓದಿನಿಂದ ಬಂದವರು "ನಾನು ಏನು ಮಾಡಬಲ್ಲೆ" ಅನ್ನುವುದನ್ನು ಮೊದಲೇ ಬರೆದುಕೊಂಡು ಹೋಗುವುದು ಒಳ್ಳೆಯದು.

ಎಲ್ಲಿಗೆ ಹೋದರೂ ಒಂದು ಬೆಳಿಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಬೆಂಚಿನ ಮೇಲೆ ಕೂತು ಬನ್ನಿ. ಬೀಜ ಬಂತಾ, ಸಬ್ಸಿಡಿ ಎಷ್ಟು, ಪಹಣಿಯಲ್ಲಿ ಅಪ್ಪನ ಹೆಸರಿದೆ ಏನು ಮಾಡಲಿ. ಯಾವ ಪ್ರಶ್ನೆಪತ್ರಿಕೆಗೂ ಬಾರದ ಪ್ರಶ್ನೆಗಳು ಅಲ್ಲಿ ಬರುತ್ತವೆ.

ಒಬ್ಬ ರೈತನ ಜೊತೆ

ನಾನು ಕೃಷಿಯ ಬೇಸಿಗೆ ಕಳೆದದ್ದು ಹೀಗೆ. ಸಣ್ಣ ಗುಂಪೊಂದರ ಕ್ಷೇತ್ರ ಕಾರ್ಯಕರ್ತರ ಜೊತೆ ಶುರು ಮಾಡಿ, ಕೊನೆಗೆ ಒಂದೂವರೆ ಎಕರೆಯ ಒಬ್ಬ ರೈತರ ಮನೆಯಲ್ಲೇ ಬೇರೂರಿದೆ. ಆ ಸೀಮೆಗೆ ಒಂದು ಸೊಗಸು ಇದೆ. ಬನ್ನೂರು, ಮಳವಳ್ಳಿ ನಡುವೆ ಕಿರುಗಾವಲು ಸಿಗುತ್ತದೆ. ಅಲ್ಲಿ ಸೈಯದ್ ಗನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಗದ್ದೆಯಲ್ಲೇ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಒಂದು ದಿನ ಹೋಗಿ ನೋಡಿದರೆ ಸಾಕು, ಭತ್ತ ಅಂದರೆ ಒಂದೇ ಭತ್ತ ಅನ್ನುವ ಭ್ರಮೆ ಹೋಗುತ್ತದೆ.

ನನ್ನ ಕೆಲಸ ಮಣ್ಣಿನ ಮಾದರಿ ತೆಗೆಯುವುದು. ಹೇಳಲು ಸುಲಭ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ, ಅರ್ಧ ಅಡಿ ಆಳಕ್ಕೆ, ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೋಡಬೇಕು. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳತನಕ ಒಂದೇ ಸಮ ಮಣ್ಣು ಕೆರೆದು ತೆಗೆಯಬೇಕು. ಎಲ್ಲ ಬೆರೆಸಿ ಗುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಬೇಕು. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ. ಆಮೇಲೆ ನೆರಳಲ್ಲಿ ಒಣಗಿಸಬೇಕು. ನಾನು ಬಿಸಿಲಿಗೆ ಹೆದರಿ ಹುಣಸೆಮರದ ಹತ್ತಿರ, ಬದುವಿನ ಪಕ್ಕ ನಾಲ್ಕು ಗುಂಡಿ ತೋಡಿದೆ. ಯಜಮಾನರು ಬೀಡಿ ಸೇದುತ್ತಾ ನೋಡುತ್ತಿದ್ದರು. ಎಲ್ಲ ಮುಗಿದು ಚೀಲ ಕಟ್ಟುವಾಗ ಹೇಳಿದರು: "ಅದು ಹೋದ ವರ್ಷದ ತಿಪ್ಪೆ ಜಾಗ ಕನವ್ವ. ಅಲ್ಲಿ ಕಲ್ಲು ನೆಟ್ರೂ ಚಿಗುರ್ತದೆ." ಮೊದಲೇ ಹೇಳಬಾರದಿತ್ತಾ ಅಂದೆ. "ನೀನು ಓದ್ದೋಳು ಅಂತ ಸುಮ್ಕಿದ್ದೆ" ಅಂದರು. ಮರದ ಬುಡ, ಬದು, ತಿಪ್ಪೆ, ಈ ಮೂರು ಕಡೆ ಮಾದರಿ ತೆಗೆಯಬಾರದು ಅಂತ ನನ್ನ ನೋಟ್ಸಿನಲ್ಲಿ ಆಗಲೇ ಬರೆದಿತ್ತು.

ಆ ಮೇಲೆ ಅವರೇ ಒಂದೊಂದು ತೋರಿಸಿದರು. ಬಕೆಟ್ ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಮೊಟ್ಟೆ ತೇಲಿದ ಮೇಲೆ ಬಿತ್ತನೆ ಭತ್ತ ಸುರಿದರೆ ಜೊಳ್ಳೆಲ್ಲ ಮೇಲೆ ಬರುತ್ತದೆ. ಕೆಳಗೆ ಕೂತದ್ದನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪಿಗೆ ಮೊಳಕೆ ಸಾಯುತ್ತದೆ.

ಈ ದಾರಿಯ ತೊಂದರೆ ಅಂದರೆ ಗಂಡಸರ ಮಾತೇ ಕೃಷಿ ಅಂದುಕೊಂಡು ಬರುವುದು. ಕಳೆ ತೆಗೆಯುವುದು, ನಾಟಿ, ಬೀಜ ಕಾಪಾಡುವುದು, ದನ ನೋಡುವುದು ಎಲ್ಲ ಹೆಂಗಸರು. ಆದರೆ ನಾವು ಹೋದ ಕೂಡಲೇ ಕುರ್ಚಿ ಹಾಕಿಕೊಂಡು ಕೂರುವುದು ಯಜಮಾನರು. ನನ್ನ ಮೊದಲ ಎರಡು ವಾರದ ಡೈರಿಯಲ್ಲಿ ಒಬ್ಬ ಹೆಂಗಸಿನ ಮಾತೂ ಇಲ್ಲ. ಮಾರ್ಗದರ್ಶಕರ ಕೈಯಲ್ಲಿ ಬೈಸಿಕೊಂಡ ಮೇಲೆ ಹಿತ್ತಲಿಗೆ ಹೋಗಿ ಕೂರಲು ಶುರು ಮಾಡಿದೆ.

ಎರಡೂ ಬೇಕು ಅನ್ನುವವರಿಗೆ

ಕೆಲವರು ಇದ್ದಾರೆ, ಆರಿಸಲು ಆಗುವುದೇ ಇಲ್ಲ. ಅವರಿಗೆ ಹಿತ್ತಲೇ ಸರಿಯಾದ ಜಾಗ. ಅಂಗನವಾಡಿಯ ಪಕ್ಕ ಅಥವಾ ಹತ್ತು ಮನೆಯ ಹಿಂದೆ ಕೈತೋಟ. ಬೇಸಿಗೆಯಲ್ಲಿ ನೀರೆಲ್ಲಿದೆ ಅಂತ ಕೇಳಬೇಡಿ, ಬಚ್ಚಲ ನೀರಿದೆ. ಅದರ ಬಾಯಲ್ಲಿ ಒಂದು ಬಾಳೆ, ಪಕ್ಕ ನುಗ್ಗೆ, ಚಪ್ಪರಕ್ಕೆ ಬಸಳೆ. ರಕ್ತ ಕಮ್ಮಿ ಇರುವ ಹುಡುಗಿಯರ ಪಟ್ಟಿ ಆಶಾ ಅಕ್ಕನ ಹತ್ತಿರ ಇರುತ್ತದೆ, ಸೊಪ್ಪು ಬೆಳೆಯುವ ಅಜ್ಜಿ ಎರಡು ಮನೆ ಆಚೆ ಇರುತ್ತಾರೆ. ಸೊಪ್ಪು ಮಾತ್ರೆಗೆ ಬದಲಿ ಅಲ್ಲ, ಇದನ್ನು ಗಟ್ಟಿಯಾಗಿ ಹೇಳಿ.

ಇನ್ನೊಂದು ವಿಷಯ ಔಷಧಿ ಹೊಡೆಯುವುದು. ಕ್ರಿಮಿನಾಶಕಕ್ಕೆ ನಮ್ಮ ಜನ ಔಷಧಿ ಅಂತಲೇ ಅನ್ನುವುದು, ಅದೇ ಒಂದು ಪಾಠ. ಯಾವ ಡಬ್ಬ, ಎಷ್ಟು ಬೆರೆಸಿದರು, ಯಾವ ಬಟ್ಟೆ ಹಾಕಿಕೊಂಡರು, ಆ ಬಟ್ಟೆ ಯಾರು ಒಗೆದರು, ಖಾಲಿ ಡಬ್ಬ ಎಲ್ಲಿ ಹೋಯಿತು. ಇಷ್ಟನ್ನೇ ಹದಿನೈದು ಮನೆಯಲ್ಲಿ ಕೇಳಿ ಬರೆದರೆ ಒಳ್ಳೆಯ ವರದಿ. ತಂಬಾಕಿನ ಸೀಮೆಯಲ್ಲಾದರೆ ಹಸಿ ಎಲೆ ಕೀಳುವವರಿಗೆ ಬರುವ ವಾಂತಿ, ತಲೆಸುತ್ತು ಕೇಳಿ. ಒದ್ದೆ ಎಲೆಯನ್ನು ಬರಿಗೈಯಲ್ಲಿ ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಎಲೆ ಕೀಳುವುದು ಮಳೆಗಾಲದ ಕೆಲಸ, ಬೇಸಿಗೆಯಲ್ಲಿ ನೆನಪು ಮಾತ್ರ ಸಿಗುತ್ತದೆ.

ಖರ್ಚು, ಬಸ್ಸು, ರೂಮು

ಸ್ಟೈಪೆಂಡ್ ಇದೆಯಾ ಅಂತ ನೇರವಾಗಿ ಕೇಳಿ, ನಾಚಿಕೆ ಬೇಡ. ನನಗೆ ಎರಡೂ ಸಲ ಸಿಗಲಿಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ ಉಚಿತ, ಹುಡುಗರು ಪಾಸ್ ನೋಡಿಕೊಳ್ಳಬೇಕು. ಮೈಸೂರಿನಿಂದ ಮಂಡ್ಯ ಸುಮಾರು 45 ಕಿ.ಮೀ., ರೈಲಿದೆ, ದಿನಾ ಓಡಾಡಬಹುದು. ಸುತ್ತೂರಿಗೂ ಆಗುತ್ತದೆ. ಸರಗೂರಿಗೆ ಆಗದು, ಅಲ್ಲೇ ಉಳಿಯಬೇಕು. ಹಳ್ಳಿಯಲ್ಲಿ ಕೆಲಸ ಇರುವುದು ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ. ಹತ್ತರ ಬಸ್ಸಿಗೆ ಹೋಗಿ ನಾಲ್ಕರ ಬಸ್ಸಿಗೆ ಬರುವವರು ನೋಡುವುದು ನಾಯಿ ಮಲಗಿದ ಬೀದಿ. ವಾರಕ್ಕೆ ಎರಡು ರಾತ್ರಿಯಾದರೂ ಉಳಿದುಕೊಳ್ಳುವ ಮನೆ ನೋಡಿಕೊಳ್ಳಿ.

ಜನರ ಮಧ್ಯೆ ಬೆರೆಯಲು ಸಂಕೋಚ ಇರುವವರಿಗೆ ನಾನು ಆಶಾ ಅಕ್ಕನನ್ನೇ ಹೇಳುತ್ತೇನೆ, ಅವರು ನಿಮ್ಮನ್ನು ಎಲ್ಲ ಮನೆಗೂ ದಾಟಿಸುತ್ತಾರೆ. ಮಾತು ಬರುತ್ತದೆ, ಬಿಸಿಲು ತಡೆಯುತ್ತದೆ, ಯಾರೂ ಹೇಳದಿದ್ದರೂ ಕೆಲಸ ಹುಡುಕಿಕೊಳ್ಳುವ ಸ್ವಭಾವ ಇದೆ ಅಂದರೆ ರೈತರ ಮನೆ. ಮುಂದೆ ಸಂಶೋಧನೆ ಅಂತ ಮನಸ್ಸಿದ್ದರೆ ಕೃಷಿ ವಿಜ್ಞಾನ ಕೇಂದ್ರ. ಎರಡನೇ ಸಲ ಇಂಟರ್ನ್‌ಶಿಪ್ ಮಾಡುತ್ತಿರುವವರು, ಕೈಯಲ್ಲಿ ಎರಡು ತಿಂಗಳು ಇರುವವರು ಕೋಟೆ ಕಡೆ ಹೋಗಿ.

ಆರೋಗ್ಯ ಕೇಂದ್ರಕ್ಕೆ ಹೋಗುವವರು ಕಾಲೇಜಿನ ಪತ್ರವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡಬೇಕು. ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕೇಂದ್ರದ ವೈದ್ಯಾಧಿಕಾರಿಗೆ ಇಳಿಯಲು ವಾರಗಟ್ಟಲೆ ಹಿಡಿಯಬಹುದು, ಅದಕ್ಕೇ ಫೆಬ್ರವರಿಯಲ್ಲೇ ಶುರು ಮಾಡಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಸೋಮವಾರ ಹೋಗಬೇಡಿ. ಸೋಮವಾರ ಎಲ್ಲರೂ ಮೀಟಿಂಗ್‌ನಲ್ಲಿ ಇರುತ್ತಾರೆ.